ಡೀಸೆಲ್ ದನಿಯ ಹುಡುಗಿ

ಇದು ನಿಜವಾಗಿ ನಡೆದ ಕಥೆ. ನಂಬಿಕೆ ಬಾರದವರು ಲಾಮೊಯ್ ದ್ವೀಪಕ್ಕೆ ಹೋಗಿ ಅಲ್ಲಿನ ಕುರಿಗಳನ್ನೇ ಕೇಳಬಹುದು. ಅವು ಸುಳ್ಳು ಹೇಳುವುದಿಲ್ಲ. ಹೇಳಿದರೂ ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ. ರಾಗ್ನಾಳ ಮುಖವೂ ಸ್ವಲ್ಪ ಹಾಗೆಯೇ. ಅವಳ ಕಷ್ಟವೆಲ್ಲ ಶುರುವಾದದ್ದೇ ಅಲ್ಲಿಂದ.

ಲಾಮೊಯ್‌ನಿಂದ ಆಚೆ ದಡಕ್ಕೆ ಕಾರುಗಳನ್ನು ದಾಟಿಸುವ ಫೆರಿಯಲ್ಲಿ ರಾಗ್ನಾಳ ಕೆಲಸ. ಹಳದಿ ಕೋಟು ತೊಟ್ಟು, ಕೈ ಬೀಸಿ, ಯಾವ ಕಾರು ಯಾವ ಸಾಲಿಗೆ ಎಂದು ಹೇಳುವವಳು ಅವಳೇ. ಅಲ್ಲಿಯ ಜನ ಒಬ್ಬರನ್ನೊಬ್ಬರು ಮುಖ ಕಂಡು ಗುರುತಿಸುವ ಮೊದಲೇ ಇಂಜಿನ್ ಕೇಳಿ ಗುರುತಿಸುತ್ತಿದ್ದರು. ಗುಡ್ಡದ ಮೇಲಿನ ಕುರಿಮನೆಯಿಂದ ವೇಗಾರ್‌ನ ಡೀಸೆಲ್ ಜೀಪು ಹೊರಟರೆ ಫೆರಿ ಕಾಯುತ್ತಿತ್ತು. ರಾಗ್ನಾಳ ಎದೆ ಮಾತ್ರ ಕಾಯುತ್ತಿರಲಿಲ್ಲ, ಓಡುತ್ತಿತ್ತು.

ಜೀಪು ಇಳಿದು ಬರುವುದಕ್ಕೆ ಒಂದು ಕ್ರಮವಿತ್ತು. ಚರ್ಚಿನ ತಿರುವಿನಲ್ಲಿ ಎರಡನೇ ಗೇರಿಗೆ ಬೀಳುವಾಗ ಕೆಮ್ಮುತ್ತಿತ್ತು. ರಾಗ್ನಾ ಕೂದಲನ್ನು ಟೋಪಿಯೊಳಗೆ ಸೇರಿಸುತ್ತಿದ್ದಳು. ದೋಣಿಮನೆಯ ತಿರುವಿನಲ್ಲಿ ಕೆಟಲ್ ಕುದಿದಂತೆ ಸಿಳ್ಳೆ ಹಾಕುತ್ತಿತ್ತು; ಅವಳು ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ಕೊನೆಗೆ ಬ್ರೇಕು ಕಿರ್ ಎಂದಾಗ, ಏನೂ ಗೊತ್ತಿಲ್ಲದವಳ ಮುಖ ಹಾಕಿಕೊಂಡು ಸಮುದ್ರ ನೋಡುತ್ತಿದ್ದಳು. ವೇಗಾರ್ ಬರುವ ಮೊದಲೇ ಮೂರು ಸಲ ಬಂದುಬಿಡುತ್ತಿದ್ದ.

ಮಾರ್ಚಿನಲ್ಲಿ ಜೀಪು ಸತ್ತಿತು. ವೇಗಾರ್ ಅದನ್ನು ಗುಜರಿಗೆ ಕಳಿಸಿ, ಆಚೆ ದಡದವರಂತೆ ತಾನೂ ಒಂದು ನೀಲಿ ಎಲೆಕ್ಟ್ರಿಕ್ ಕಾರು ತಂದ.

ಮೊದಲ ವಾರದಲ್ಲೇ ಫೆರಿ ಅವನನ್ನು ಬಿಟ್ಟು ಹೊರಟಿತು. ಕ್ಯಾಂಟೀನಿನ ಸ್ವೇಲೆಯನ್ನು, ಅಂದರೆ ಕಂದು ಚೀಸ್ ಇಟ್ಟು ಮಡಚಿದ ದಪ್ಪ ಸಿಹಿದೋಸೆಯನ್ನು, ಬಾಯಿ ತುಂಬ ತುಂಬಿಕೊಂಡು ರಾಗ್ನಾ ಹತ್ತುವ ಹಲಗೆಯನ್ನು ಮೇಲಕ್ಕೆತ್ತಿದಳು. ತಿರುಗಿ ನೋಡಿದರೆ ಕಟ್ಟೆಯ ತುದಿಯಲ್ಲಿ ನೀಲಿ ಕಾರು, ಪಕ್ಕದಲ್ಲಿ ಕೈಚೆಲ್ಲಿ ನಿಂತ ವೇಗಾರ್, ನಡುವೆ ಅಗಲವಾಗುತ್ತಿದ್ದ ನೀರು.

ಮುಂದಿನ ಸರದಿಗೆ ಹತ್ತಿದವನು ಕಾರಿನಿಂದ ಇಳಿದು ನೇರ ಅವಳ ಬಳಿಗೇ ಬಂದ.

"ಬಿಟ್ಟು ಹೋದ್ಯಲ್ಲ."

"ನೀನು ಬಂದದ್ದು ಯಾರಿಗೆ ಗೊತ್ತಾಗ್ಬೇಕು? ಬೆಕ್ಕಿನ ಹಾಗೆ ಬಂದ್ರೆ?"

"ಎಲೆಕ್ಟ್ರಿಕ್ ಕಾರು ಮಾರಾಯ್ತಿ. ಅದು ಸದ್ದು ಮಾಡಲ್ಲ."

"ನೀನು ಮಾಡ್ಬಹುದಿತ್ತು. ಬಾಯಿ ಇದೆಯಲ್ಲ."

"ಕೂಗ್ದೆ. ನಿನ್ನ ಬಾಯಿ ತುಂಬಿತ್ತು ಸರಿ, ಕಿವೀನೂ ತುಂಬಿತ್ತಾ?"

ಅವಳ ಕೆನ್ನೆಗೆ ಅಂಟಿದ್ದ ಚೀಸನ್ನು ಅವನು ಕಣ್ಣಿನಲ್ಲೇ ತೋರಿಸಿದ. ಅವಳು ಇನ್ನೊಂದು ಕೆನ್ನೆ ಒರೆಸಿಕೊಂಡಳು. ಅವನು ನಗಲಿಲ್ಲ, ನಗದಿರಲು ಪಟ್ಟ ಕಷ್ಟ ಮಾತ್ರ ತುಟಿಯ ಮೂಲೆಯಲ್ಲಿ ಕಂಡಿತು. ಆ ಮೂಲೆಯನ್ನೇ ನೋಡುತ್ತ ನಿಂತದ್ದಕ್ಕೆ ಅವಳು ಹಿಂದಿನ ಕಾರಿಗೆ ಕೈ ಬೀಸುವುದನ್ನೇ ಮರೆತಳು.

ಕಾರಿನ ಕಾರುಬಾರು ಒಂದೆರಡಲ್ಲ. ಬಾಗಿಲಿನ ಹಿಡಿಗಳು ಮೈಯೊಳಗೆ ಹುದುಗಿರುತ್ತಿದ್ದವು. ಮಂಜು ಕಟ್ಟಿದ ಬೆಳಗ್ಗೆ ಹೊರಗೇ ಬರುತ್ತಿರಲಿಲ್ಲ. ಚಾರ್ಜಿಂಗ್ ಕೇಬಲ್ ಚಳಿಗೆ ಸೆಟೆದು ಕೋಲಾಗುತ್ತಿತ್ತು. ಕಾಯಿಲೆ ಬಿದ್ದ ಕುರಿಮರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರೆ ಬೆಲ್ಟ್ ಹಾಕಿಲ್ಲವೆಂದು ಕಾರು ದಾರಿಯುದ್ದಕ್ಕೂ ಕೂಗುತ್ತಿತ್ತು. ವೇಗಾರ್ ಮರಿಗೆ ಬೆಲ್ಟ್ ಬಿಗಿದುಕೊಂಡು ಓಡಾಡುವುದನ್ನು ಊರೆಲ್ಲ ನೋಡಿತು. ಮಗ ಬಂದ ಸದ್ದು ಕೇಳದೆ ಅವನ ತಾಯಿ ಬೋರ್ಗಿಲ್ ಕಾಫಿಗೆ ನೀರಿಡುವುದನ್ನೇ ಬಿಟ್ಟಳು.

ಎಲ್ಲಕ್ಕಿಂತ ದೊಡ್ಡ ತಲೆನೋವು ಕುರಿಗಳದು. ಜೀಪಿನ ಗುರುಗುರು ಎಂದರೆ ಮೇವು, ಉಪ್ಪು, ವೇಗಾರ್ ಎಂದು ಅವು ಮರಿಗಳಾಗಿದ್ದಾಗಲೇ ಕಲಿತಿದ್ದವು. ನೀಲಿ ಕಾರು ನಿಧಾನಕ್ಕೆ ಬರುವಾಗ, ಪಾದ್ರಿ ಬಾಯಿ ಮುಚ್ಚಿಕೊಂಡು ಶ್ರುತಿ ಹಿಡಿದಂತೆ ಸಣ್ಣಗೆ ಗುಂಯ್ ಎನ್ನುತ್ತಿತ್ತು, ಅಷ್ಟೆ. ಕುರಿಗಳು ತಲೆಯೆತ್ತಿ ನೋಡಿ, ಯಾರೋ ಪ್ರವಾಸಿಗರು ಅಂದುಕೊಂಡು ಮತ್ತೆ ಮೇಯುತ್ತಿದ್ದವು.

ಕುರಿಗಳ ಸಂಕಟ ರಾಗ್ನಾಳಿಗೆ ಅರ್ಥವಾದಷ್ಟು ಬೇರೆ ಯಾರಿಗೂ ಆಗಲಿಲ್ಲ.

ಮಿಮಿಕ್ರಿ ಅವಳಿಗೆ ಹುಟ್ಟುಗುಣ. ಫೆರಿಯ ಕ್ಯಾಪ್ಟನ್ ಗುನ್ವಾಲ್‌ನ ಮೂಗಿನ ದನಿಯಲ್ಲಿ ಮೈಕಿನಲ್ಲಿ ಮಾತಾಡಿ ಅವನ ಹೆಂಡತಿಯನ್ನೇ ಬೇಸ್ತು ಬೀಳಿಸಿದವಳು. ಮೇ ತಿಂಗಳ ಒಂದು ಸಂಜೆ ವೇಗಾರ್‌ನ ಕೊಟ್ಟಿಗೆಯ ಹಿಂದೆ ಹಾದು ಹೋಗುವಾಗ ಅವಳಿಗೆ ತಡೆಯಲಾಗಲಿಲ್ಲ. ಕಲ್ಲುಗೋಡೆಯ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕೆನ್ನೆ ಉಬ್ಬಿಸಿ, ತುಟಿ ನಡುಗಿಸಿ, ಜೀಪು ಸ್ಟಾರ್ಟ್ ಮಾಡಿದಳು.

ಹೊಲದ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಮನೆಯ ಬಾಗಿಲು ಧಡಾರನೆ ತೆರೆಯಿತು. ವೇಗಾರ್ ಕಾಲುಚೀಲದಲ್ಲೇ ಅಂಗಳಕ್ಕೆ ಓಡಿಬಂದ.

"ಅಮ್ಮಾ, ಜೀಪ್ ಬಂತು."

"ಅದು ಸತ್ತು ಎಷ್ಟು ಕಾಲ ಆಯ್ತೋ," ಒಳಗಿನಿಂದ ಬೋರ್ಗಿಲ್.

"ಸತ್ತದ್ದು ಗುರುಗುಟ್ಟುತ್ತಾ?"

ರಾಗ್ನಾ ಕೋಟಿನ ತೋಳು ಕಚ್ಚಿಕೊಂಡು ನಗು ನುಂಗಿದಳು. ಮತ್ತೆ ಒಂದೆರಡು ಸಲ ಅದೇ ಗೋಡೆಯ ಹಿಂದೆ ಅದೇ ಜೀಪು ಓಡಿತು.

ವೇಗಾರ್ ಹಟಕ್ಕೆ ಬಿದ್ದ. ಜೀಪು ಎಲ್ಲೋ ಬದುಕಿದೆ, ಹುಡುಕಿಯೇ ತೀರಬೇಕು. ಅಲೆಗೆ ಫೆರಿ ತೂಗಿದಾಗಲೆಲ್ಲ ಅವನ ಹೊಸ ಕಾರು ಕಳ್ಳ ಬಂದನೆಂದು ಬೊಬ್ಬೆ ಹಾಕುತ್ತಿತ್ತು. ಆಗ ಅವನನ್ನು ಕ್ಯಾಂಟೀನಿನಿಂದ ಕಾರುಗಳ ಡೆಕ್ಕಿಗೆ ಕರೆತರುವುದು ರಾಗ್ನಾಳ ಪಾಲಿಗೆ ಬರುತ್ತಿತ್ತು. ಒಂದು ದಿನ ಅಲ್ಲಿ, ಎರಡು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ, ಅವನು ದನಿ ತಗ್ಗಿಸಿ ಹೇಳಿದ:

"ಯಾರೋ ನನ್ನ ಜೀಪನ್ನ ರಿಪೇರಿ ಮಾಡಿ ಕದ್ದು ಓಡಿಸ್ತಿದ್ದಾರೆ, ರಾಗ್ನಾ."

"ಹೌದಾ?"

"ಕಿವಿಯಾರೆ ಕೇಳಿದ್ದೀನಿ. ಎಲ್ಲರ ಕೊಟ್ಟಿಗೇನೂ ಇಣುಕಿ ನೋಡ್ದೆ. ಎಲ್ಲೂ ಇಲ್ಲ."

"ಪಾದ್ರಿಯ ಸೌದೆಮನೇಲಿ ನೋಡು. ಸಿಕ್ಕಿದ್ರೆ ಏನ್ ಮಾಡ್ತೀಯ?"

"ಮನೆಗೆ ಕರ್ಕೊಂಡು ಹೋಗ್ತೀನಿ. ಇನ್ನು ಈ ಜನ್ಮದಲ್ಲಿ ಬಿಡಲ್ಲ."

ಅಷ್ಟು ಹತ್ತಿರದಿಂದ, ಅಷ್ಟು ಗಂಭೀರವಾದ ಕಣ್ಣುಗಳಿಂದ ಆ ಮಾತು ಬಂತು. ರಾಗ್ನಾ ಕಿವಿಯ ತುದಿಯವರೆಗೂ ಕೆಂಪಾದಳು.

"ಯಾಕೆ, ಜ್ವರಾನಾ?"

"ಸೆಕೆ."

ಡೆಕ್ಕಿನ ಗಾಳಿ ಮೂಳೆ ಕೊರೆಯುತ್ತಿತ್ತು.

ಈ ಆಟ ಸಾಕು ಎಂದು ಅವತ್ತೇ ಅವಳು ತೀರ್ಮಾನಿಸಿದಳು. ತಮಾಷೆ ಬಯಲಾದೀತೆಂಬ ಭಯವಲ್ಲ. ಒಂದು ಹುಡುಗಿ ಒಂದು ಜೀಪಿನ ಕೆಮ್ಮನ್ನೂ ಬಾಯಿಪಾಠ ಮಾಡಿದ್ದಾಳೆಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಆ ಅರ್ಥವನ್ನು ಅವನು ಊರೆದುರು ನಕ್ಕು ತಳ್ಳಿಹಾಕಿಬಿಟ್ಟರೆ? ದ್ವೀಪ ಪುಟ್ಟದು, ಮಾರನೇ ಬೆಳಗ್ಗೆಯೂ ಅವನ ಕಾರಿಗೆ ಕೈ ಬೀಸಬೇಕಾದವಳು ಅವಳೇ. ವೇಗಾರ್‌ನ ಹೆಸರಿನಲ್ಲೇನೋ ವೇಗವಿತ್ತು, ಮನಸ್ಸಿನ ವಿಷಯದಲ್ಲಿ ಮಾತ್ರ ಯಾವತ್ತೂ ಮೊದಲ ಗೇರು. ಅವನಾಗಿಯೇ ಒಂದು ಮಾತು ಆಡುವವರೆಗೆ ಬಾಯಿ ಬಿಡುವುದಿಲ್ಲ ಎಂದು ಅವಳೂ ಹಟ ಹಿಡಿದಳು. ಬೇಸಿಗೆಯಿಡೀ ಜೀಪು ಸುಮ್ಮನಿತ್ತು.

ಸೆಪ್ಟೆಂಬರಿನ ಕೊನೆಗೆ ಗುಡ್ಡದ ಕುರಿಗಳನ್ನು ಕೆಳಗಿಳಿಸುವ ದಿನ ಬಂತು. ಅವತ್ತು ಊರಿಗೆ ಊರೇ ಗುಡ್ಡ ಹತ್ತುತ್ತದೆ. ಥರ್ಮಾಸ್ ಹಿಡಿದು ರಾಗ್ನಾಳೂ ಹತ್ತಿದ್ದಳು. ಉಳಿದವರ ಕುರಿಗಳೆಲ್ಲ ಇಳಿದವು. ವೇಗಾರ್‌ನವು ಮಾತ್ರ ಬಂಡೆಯ ಅಂಚಿನ ಹುಲ್ಲುಪಟ್ಟಿಗೆ ಹೋಗಿ ನಿಂತಿದ್ದವು. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ನೇರ ಸಮುದ್ರ. ನಾಯಿ ಬಿಟ್ಟು ಅಟ್ಟಿದರೆ ಕೆಳಗೆ ಬೀಳುತ್ತವೆ, ತಾವಾಗಿಯೇ ಬರಬೇಕು. ಉತ್ತರದಲ್ಲಿ ಮೋಡ ಕಪ್ಪಾಗಿತ್ತು. ಸಂಜೆಗೆ ಹಿಮ ಬೀಳಲಿದೆ ಎಂದು ರೇಡಿಯೊ ಹೇಳಿತ್ತು.

ವೇಗಾರ್ ಕಾರನ್ನು ರಸ್ತೆ ಮುಗಿಯುವ ಬೇಲಿಬಾಗಿಲವರೆಗೂ ತಂದ. ಗುಂಯ್ ಎಂದದ್ದಕ್ಕೆ ಕುರಿಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕಾರಿನ ಪರದೆಯಲ್ಲಿ ನಾನಾ ನಮೂನೆಯ ಸದ್ದುಗಳಿದ್ದವು. ಸಿಕ್ಕಿದ್ದೊಂದನ್ನು ಒತ್ತಿದ. ಕಾರು ಆಕಾಶನೌಕೆಯಂತೆ ಊಳಿಟ್ಟಿತು. ಕುರಿಗಳು ಇನ್ನೂ ಅಂಚಿಗೆ ಸರಿದವು.

"ಆರಿಸೋ ಅದನ್ನ," ಎಂದ ಗುನ್ವಾಲ್. "ಕೊಟ್ಟಿಗೆಗೆ ಕರೀತಿದ್ದೀಯೋ ಚಂದ್ರಲೋಕಕ್ಕೋ?"

ವೇಗಾರ್ ಸದ್ದು ಆರಿಸಿದ. ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದ. "ಮೇಲಿಂದ ಇಳಿದು ಒಂದೊಂದಾಗಿ ಹೊತ್ತು ತರ್ತೀನಿ."

"ಬಂಡೆ ಒದ್ದೆಯಾಗಿದೆ ಕಣೋ." ಬೋರ್ಗಿಲ್ ಅವನ ತೋಳು ಹಿಡಿದಳು.

"ನನ್ನ ಕುರಿ ಅಮ್ಮ," ಅಂದವನು ಮಂಜಿನೊಳಗೆ ಹತ್ತಿ ಹೋದ.

ರಾಗ್ನಾ ಥರ್ಮಾಸನ್ನು ಕಲ್ಲಿನ ಮೇಲಿಟ್ಟಳು. ಸುತ್ತ ಇಡೀ ಲಾಮೊಯ್ ನಿಂತಿದೆ. ನಿಲ್ಲಲಿ.

"ಎಲ್ರೂ ಒಂಚೂರು ಸಮುದ್ರದ ಕಡೆ ತಿರುಗ್ತೀರಾ?"

"ಯಾಕೆ?"

"ಸುಮ್ನೆ ತಿರುಗಿ ಅಂದ್ರೆ."

ಒಬ್ಬರೂ ತಿರುಗಲಿಲ್ಲ. ಅವಳು ಬೇಲಿಬಾಗಿಲಿಗೆ ಹೋಗಿ, ಕಾಲಗಲಿಸಿ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡಳು.

ಜೀಪು ಮೊದಲು ಮುಲುಗಿತು. ಆಮೇಲೆ ಹಿಡಿಯಿತು. ಬಂಡೆಯ ಮೇಲೆ ಹಿರಿಯ ಕುರಿ, ಊರವರೆಲ್ಲ ಮೇಯರ್ ಎಂದು ಕರೆಯುತ್ತಿದ್ದ ದಪ್ಪ ಕುರಿ, ಜಗಿಯುವುದನ್ನು ನಿಲ್ಲಿಸಿತು. ಒಂದು ಹೆಜ್ಜೆ ಇತ್ತ ಇಟ್ಟಿತು. ಮತ್ತೊಂದು ಇಟ್ಟಿತು. ಹಿಂದೆ ಮಂದೆ ಸಾಲುಗಟ್ಟಿತು.

ಮೇಲೆ ಮಂಜಿನಲ್ಲಿ ಕಲ್ಲು ಉರುಳಿದವು. "ಅದೇ, ಅದೇ ನನ್ನ ಜೀಪು. ಹಿಡ್ಕೊಳ್ಳಿ. ಯಾರಾದ್ರೂ ಹಿಡ್ಕೊಳ್ಳಿ ಅದನ್ನ."

ವೇಗಾರ್ ಹುಲ್ಲಿನ ಮೇಲೆ ಜಾರಿಕೊಂಡೇ ಇಳಿದು ಬಂದ. ಬೇಲಿಬಾಗಿಲಿನ ಆಚೆ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ರಾಗ್ನಾಳನ್ನು ನೋಡಿದ. ಉಬ್ಬಿದ ಕೆನ್ನೆ, ನಡುಗುವ ತುಟಿ, ಗಾಳಿಗೆ ಬಿಚ್ಚಿಹೋದ ಕೂದಲು.

ಅವಳು ನಿಲ್ಲಿಸುವಂತಿರಲಿಲ್ಲ. ಅರ್ಧ ಮಂದೆ ಇನ್ನೂ ಅಂಚಿನಲ್ಲೇ ಇತ್ತು. ಸದ್ದು ನಿಂತರೆ ಅವೂ ನಿಲ್ಲುತ್ತವೆ. ಅವನು ನಿಂತದ್ದೂ ಕುರಿಗಳ ದಿಕ್ಕಿನಲ್ಲೇ. ಮುಖ ತಿರುಗಿಸುವ ಹಾಗೂ ಇಲ್ಲ.

"ನೀನಾ?"

ಗುರ್ರ್, ಎಂದಳು ರಾಗ್ನಾ.

"ಕೊಟ್ಟಿಗೆ ಹಿಂದೇನೂ ನೀನೇನಾ?"

ಗುರ್ರ್.

"ನಾನು ಊರೆಲ್ಲ ಹುಡುಕ್ತಿದ್ರೆ ಎದುರಿಗೆ ನಿಂತು ಹೌದಾ ಅಂದ್ಯಲ್ಲೇ."

ಅವಳು ಗಾಬರಿಗೆ ಗೇರು ಬದಲಿಸಿದಳು. ಕೆಮ್ಮು ಬಂತು. ಕೆಮ್ಮಿನ ಹಿಂದೆ, ಅವಳು ಬೇಡವೆಂದರೂ, ಸಿಳ್ಳೆಯೂ ಬಂತು.

ವೇಗಾರ್‌ನ ಮುಖದಿಂದ ಸಿಟ್ಟು ಇಳಿಯಿತು. ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಈ ಕೆಮ್ಮು ಕೊಟ್ಟಿಗೆ ಹತ್ರ ಬರ್ತಿರ್ಲಿಲ್ಲ," ಎಂದ ನಿಧಾನವಾಗಿ. "ಗುಡ್ಡದಲ್ಲೂ ಬರ್ತಿರ್ಲಿಲ್ಲ. ಚರ್ಚ್ ತಿರುವಲ್ಲಿ ಮಾತ್ರ. ಅದಾದ ಮೇಲೆ ಸಿಳ್ಳೆ. ಎರಡೂ ಒಂದರ ಹಿಂದೊಂದು ಕೇಳಿಸೋದು ಫೆರಿ ಕಟ್ಟೇಲಿ ನಿಂತು ಕಿವಿ ಕೊಟ್ಟೋರಿಗೆ."

ರಾಗ್ನಾಳ ಮುಖ ಉರಿಯಿತು. ಅವನ ರೆಪ್ಪೆಗಳ ಮೇಲೆ ಮಂಜಿನ ಹನಿ ಕೂತಿತ್ತು. ಅವನು ಒರೆಸಿಕೊಳ್ಳಲೂ ಇಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಅವನ ಕಾಲ ಪಕ್ಕದಿಂದ ಕುರಿಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಅವಳು ಅಷ್ಟೂ ಹೊತ್ತು ಅವನ ಕಣ್ಣನ್ನೇ ನೋಡುತ್ತ, ಎರಡನೇ ಗೇರಿನಲ್ಲೇ ಓಡಿದಳು.

ಕೊನೆಯ ಕುರಿ ದಾಟಿತು. ಗುನ್ವಾಲ್ ಬೇಲಿಬಾಗಿಲು ಹಾಕಿದ. ರಾಗ್ನಾ ಇಂಜಿನ್ ಆರಿಸಿದಳು.

"ಯಾವಾಗಿನಿಂದ ಕೇಳಿಸ್ಕೊಳ್ತಿದ್ದೆ?" ವೇಗಾರ್ ಕೇಳಿದ.

"ಏನನ್ನ?"

"ಜೀಪನ್ನ."

ಈಗಲೂ ನಕ್ಕು ಹಾರಿಸಿಬಿಡಬಹುದಿತ್ತು. ಆದರೆ ಊರೆದುರು ಇಂಜಿನ್ ಆದವಳಿಗೆ ಇನ್ನು ಉಳಿದ ಮರ್ಯಾದೆ ಯಾವುದು. ಅವಳು ಗಲ್ಲ ಎತ್ತಿದಳು.

"ಜೀಪನ್ನ ಯಾರು ಕೇಳಿಸ್ಕೊಳ್ತಾರೋ ದಡ್ಡ. ಅದರಲ್ಲಿ ನೀನು ಬರ್ತಿದ್ದೆ. ಅದನ್ನ ಕೇಳಿಸ್ಕೊಳ್ತಿದ್ದೆ. ಶಾಲೆ ಬಿಟ್ಟಾಗಿನಿಂದ. ನಗೋದಿದ್ರೆ ಈಗಲೇ ನಕ್ಕುಬಿಡು, ನಾಳೆ ನನಗೆ ಡ್ಯೂಟಿ ಇದೆ."

ಯಾರ ಥರ್ಮಾಸಿನದೋ ಮುಚ್ಚಳ ಬಿದ್ದು ಕಲ್ಲಿನ ಮೇಲೆ ಉರುಳಿತು.

ವೇಗಾರ್ ನಗಲಿಲ್ಲ. "ವಾರಕ್ಕೆ ಮೂರು ಸಲ ಆಚೆ ದಡಕ್ಕೆ ಹೋಗ್ತಿದ್ನಲ್ಲ, ನನಗಲ್ಲಿ ಏನ್ ಕೆಲಸ ಅನ್ಕೊಂಡಿದ್ದೆ?"

"ಮೊಳೆ ತರೋಕೆ ಅಂತಿದ್ದೆ."

"ಮನೇಲಿ ಡಬ್ಬಗಟ್ಟಲೆ ಮೊಳೆ ಇದೆ ರಾಗ್ನಾ," ಎಂದಳು ಹಿಂದಿನಿಂದ ಬೋರ್ಗಿಲ್. "ಹೊಡೆಯೋಕೆ ಗೋಡೆ ಉಳಿದಿಲ್ಲ."

ವೇಗಾರ್ ಹಗ್ಗ ಕೆಳಗೆ ಹಾಕಿದ. ಮೊದಲ ಗೇರಿನ ಮನುಷ್ಯ ಅವತ್ತು ಉಳಿದ ಗೇರುಗಳನ್ನೆಲ್ಲ ಒಟ್ಟಿಗೆ ಹಾಕಿದ. ಅವಳ ಉರಿಯುವ ಮುಖವನ್ನು ಎರಡು ಒದ್ದೆ ಕೈಗಳಲ್ಲಿ ಹಿಡಿದು ಮುತ್ತಿಟ್ಟ.

"ವೇಗಾರ್," ಎಂದಳು ಅವಳು ಸ್ವಲ್ಪ ಹೊತ್ತಿನ ಮೇಲೆ, "ನನ್ನ ತುಟಿಗೆ ಜೋಮು ಹಿಡಿದಿದೆ. ಏನೂ ಗೊತ್ತಾಗ್ಲಿಲ್ಲ."

"ಹಾಗಾದ್ರೆ ಇದು ಲೆಕ್ಕಕ್ಕಿಲ್ಲ," ಎಂದು ಅವನು ಮತ್ತೆ ಶುರು ಮಾಡಿದ.

ಗುನ್ವಾಲ್ ಕೆಮ್ಮಿದ. ಬೋರ್ಗಿಲ್ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. "ಇಷ್ಟು ವರ್ಷ ಕುರಿ ಕಾಯ್ತಿದ್ದಾನೆ ಅನ್ಕೊಂಡಿದ್ದೆ. ನೋಡಿದ್ರೆ ಇವಳು ಇವನನ್ನೇ ಕುರಿ ಮಾಡಿದ್ಲು."

ಎಲ್ಲರೂ ನಕ್ಕರು. ವೇಗಾರ್ ಮಾತ್ರ ಏನೋ ನೆನಪಾದವನಂತೆ ನಿಂತಿದ್ದ.

"ಪಾದ್ರಿಯ ಸೌದೆಮನೆಗೂ ನುಗ್ಗಿದ್ದೆ ನಾನು," ಎಂದ. "ಜೀಪ್ ಎಲ್ಲಿಟ್ಟಿದ್ದೀಯ ಹೇಳು ಅಂತ ಪಾದ್ರೀನ ಗದರಿಸಿದೆ. ಅವನು ಬೈಬಲ್ ಮುಟ್ಟಿ ಆಣೆ ಇಟ್ಟ."

"ಗೊತ್ತು," ಎಂದಳು ರಾಗ್ನಾ ಮೆಲ್ಲಗೆ. "ಸೌದೆಮನೇಲಿ ನೋಡು ಅಂತ ಹೇಳಿದ್ದೇ ನಾನು."

ಅವನು ಬಾಯಿ ತೆರೆದ. ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ಬಂದದ್ದು ನಗು. ಹೊಟ್ಟೆ ಹಿಡಿದುಕೊಂಡು, ಬೇಲಿಗೆ ಒರಗಿಕೊಂಡು, ಕೊನೆಗೆ ಅವಳ ಹೆಗಲಿಗೆ ಹಣೆಯೂರಿಕೊಂಡು ನಕ್ಕ. ಆ ನಗು ಊರವರೆಲ್ಲರ ನಗುವನ್ನೂ ಮುಳುಗಿಸಿ ಬಂಡೆಗೆ ಬಡಿದು ಮರಳಿತು. ಅಷ್ಟು ಪ್ರಯಾಸಪಟ್ಟು ಒಳಗೆ ಬಂದಿದ್ದ ಕುರಿಗಳು ಬೆಚ್ಚಿಬಿದ್ದು ಮೂಲೆಗೆ ಒತ್ತರಿಸಿಕೊಂಡವು. ಅವನು ನಗುತ್ತಲೇ ಇದ್ದ.