ಕಂಬಳಿಯೊಳಗಿನ ಹಿಡಿ

ಬೆಟ್ಟಗಳು ಇನ್ನೂ ಬೆಂಕಿ ಉಗುಳುತ್ತಿದ್ದ ಕಾಲದಲ್ಲಿ ಕೆಂಡಾವರ ಎಂಬ ಒಂದು ರಾಜ್ಯವಿತ್ತು. ಅದರ ಬೆನ್ನಿಗೆ ಕಿಚ್ಚಿನಬೆಟ್ಟ, ಬೆಟ್ಟದ ತುಂಬ ಕಿಚ್ಚುನರಿಗಳು. ಬಿಸಿಗಾಳಿ ಎದ್ದಾಗ ಅವು ಊರಿಗಿಳಿದು ಹುಲ್ಲಿನ ಮಾಡುಗಳ ಮೇಲೆ ಬಾಲ ಎಳೆಯುತ್ತ ಓಡುತ್ತಿದ್ದವು. ಬಾಲ ತಾಗಿದಲ್ಲೆಲ್ಲ ಬೆಂಕಿ.

ಊರನ್ನು ಕಾಯಲು ಕೆರೆಯಲ್ಲೊಂದು ನೀರಾನೆಯಿತ್ತು. ಗಂಟೆ ಬಾರಿಸಿದರೆ ಸೊಂಡಿಲಲ್ಲಿ ಅರ್ಧ ಕೆರೆ ತುಂಬಿಕೊಂಡು ಬರುತ್ತಿತ್ತು. ಯಾರ ಮನೆ ಎಂದು ಕೇಳುತ್ತಿರಲಿಲ್ಲ. ಅದರ ಮೇವಿಗಾಗಿ ಸುಗ್ಗಿಯಲ್ಲಿ ಒಲೆ ಹೂಡಿದ ಪ್ರತಿಯೊಬ್ಬರೂ ಅರಮನೆ ಮುಂದಿನ ದೊಡ್ಡ ಮಣ್ಣಿನ ಗುಡಾಣಕ್ಕೆ ಒಂದು ಹಿಡಿ ಜೋಳ ಹಾಕಬೇಕು. ಹಿಡಿತೆರಿಗೆ ಅಂತ ಅದರ ಹೆಸರು. ಗುಡಾಣದೊಳಗೆ ಬಿದ್ದ ಹಿಡಿ ಹತ್ತಾಗುತ್ತಿತ್ತು. ಅದರ ಬಾಯಿಗೆ ಕರಿಕಂಬಳಿ ಹೊದಿಸಿರುತ್ತಿದ್ದರು. ಕೈ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಯಾರು ಎಷ್ಟು ಹಾಕಿದರೆಂದು ಕಾಣದು. ಬಡವ ನಾಚಬಾರದು, ಸಿರಿವಂತ ಮೆರೆಯಬಾರದು ಅಂತ ಹಿರಿಯರು ಮಾಡಿದ ಪದ್ಧತಿ.

ಆ ಕಂಬಳಿ ನೇಯುವವನು ಮಾಳಿಂಗ. ಅವನ ಮನೆಯಲ್ಲಿ ಹೆಂಡತಿ ನೀಲವ್ವ, ಮೊಲೆಯುಣ್ಣುವ ಕೂಸು. ಪಕ್ಕದ ಗುಡಿಸಲಲ್ಲಿ ವಿಧವೆ ಸೂಜವ್ವ, ಅವಳ ಮಗಳು ಚಿನ್ನಿ.

ಒಂದು ಸುಗ್ಗಿಯಲ್ಲಿ ಏಕಜಟನೆಂಬ ಮಾಯಾವಿ ಬಂದ. ಒಂದೇ ಜಡೆ, ನೆಲಕ್ಕೆ ತಾಗುವಷ್ಟು ಉದ್ದ. ಗುಡಾಣದ ಪಕ್ಕ ನಿಂತು ಕೇಳಿದ.

“ಮಾಳಿಂಗಾ, ನಿನ್ನ ಮನಿ ಯಾವತ್ತಾದ್ರೂ ಸುಟ್ಟೈತೇನು?”

“ಇಲ್ರಿ.”

“ಮತ್ತ ಯಾಕ ಕೊಡ್ತಿ? ನಿನ್ನ ಬೆವರಿನ ಜೋಳ ನಿಂದು. ಸಾವ್ಕಾರ ಬರೇ ಕೈ ಹಾಕಿ ತಗೀತಾನ. ಕಂಬಳಿಯೊಳಗ ನೋಡೀಯೇನು?”

ಮಾಳಿಂಗ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಅನುಮಾನಕ್ಕೆ ಅಷ್ಟು ಸಾಕಾಯಿತು.

ಮಾಯಾವಿಯ ಮಾತೆಲ್ಲ ಸುಳ್ಳೂ ಅಲ್ಲ ಬಿಡಿ. ರಾಜ ಧವಳಸೇನನ ಉಗ್ರಾಣದವರು ಆನೆಯ ಜೋಳದಲ್ಲಿ ತಮ್ಮ ಕೋಳಿಗಳನ್ನು ಕೊಬ್ಬಿಸುತ್ತಿದ್ದರು. ರಾಜನಿಗೆ ಗೊತ್ತಿತ್ತು, ಕಣ್ಣು ಮುಚ್ಚಿಕೊಂಡಿದ್ದ. ಜನ ಆ ಜೋಳಕಳ್ಳರನ್ನು ಹಿಡಿಯಬೇಕಿತ್ತು. ಈ ಜಾಣರು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರು. ಗುಡಾಣವನ್ನೇ ಕವುಚಿ ಹಾಕಿದರು. ಮೊದಲು ಕೈ ಹಚ್ಚಿದವನು ಮಾಳಿಂಗ.

ಏಕಜಟ ಆನೆಯ ಕಿವಿಗೆ ಮಂತ್ರಿಸಿದ ಕಬ್ಬಿಣದ ಬಳೆ ತೊಡಿಸಿದ. ಒಂದು ಚೀಲ ಜೋಳ ಕೊಟ್ಟವರ ಬಾಗಿಲಿಗೆ ತಾಮ್ರದ ಕೈ ತೂಗುಹಾಕಿದ. “ಇನ್ನ ಆನಿ ಈ ಕೈ ಇದ್ದ ಮನಿಗಷ್ಟ ಬರತದ. ಉಳಿದವರದು ಅವರವರ ಹಣೆಬರಹ,” ಎಂದ. ಮಾಳಿಂಗ ಇದ್ದ ಕಂಬಳಿಗಳನ್ನೆಲ್ಲ ಮಾರಿ ತಾಮ್ರದ ಕೈ ತಂದ. ಸೂಜವ್ವನ ಹತ್ತಿರ ಚೀಲವೆಲ್ಲಿ? ಅರ್ಧ ಮಡಕೆ ಜೋಳವಿತ್ತು, ಅಷ್ಟೇ.

ಮೊದಲು ಕುಂಬಾರ ಓಣಿ ಸುಟ್ಟಿತು. ನಮ್ಮ ಓಣಿಯಲ್ಲವಲ್ಲ ಎಂದರು ಜನ. ಆಮೇಲೊಂದು ಮಧ್ಯಾಹ್ನ ಸೂಜವ್ವ ನೀರಿಗೆ ಹೋಗಿದ್ದಾಗ ನರಿ ಅವಳ ಮಾಡಿನ ಮೇಲೆ ಹಾದುಹೋಯಿತು. ಒಳಗೆ ಚಿನ್ನಿ ಮಲಗಿದ್ದಳು.

ಆನೆ ಬಂತು. ಬಂದು, ಮಾಳಿಂಗನ ಗೋಡೆಗೆ ನೀರು ಹೊಯ್ಯತೊಡಗಿತು. ಬೆಂಕಿ ತಾಗದ ಗೋಡೆಗೆ! ಮಾಳಿಂಗ ಸೊಂಡಿಲಿಗೆ ಜೋತುಬಿದ್ದು “ಆ ಕಡೆ, ಆ ಕಡೆ” ಎಂದು ಅತ್ತ. ಸೊಂಡಿಲು ನಡುಗಿತು, ತಿರುಗಲಿಲ್ಲ. ಓಡಿ ಬಂದ ಸೂಜವ್ವ ಅವನ ಗೋಡೆಯಿಂದ ಹರಿದ ನೀರನ್ನೇ ಬೊಗಸೆಯಲ್ಲಿ ಬಾಚಿ ಬಾಚಿ ಎರಚಿದಳು. ಮಾಳಿಂಗ ತನ್ನ ಬಾಗಿಲಿನ ತಾಮ್ರದ ಕೈ ಕಿತ್ತುಕೊಂಡು ಅವಳ ಬಾಗಿಲಿಗೆ ಹಾಕಲು ಓಡಿದ. ಅಷ್ಟರಲ್ಲಿ ಬಾಗಿಲೇ ಇರಲಿಲ್ಲ. ಚಿನ್ನಿಯೂ ಇರಲಿಲ್ಲ.

ಆನೆ ಅಲ್ಲೇ ಮಂಡಿಯೂರಿತು. ಅದರ ಕಾಲುಗಳು ಕಲ್ಲಾಗತೊಡಗಿದವು.

ಆನೆ ಸಾಕಿದ ಮುದುಕಿ ಕಲ್ಲವ್ವ ಬಂದು ಅದರ ಹೊಟ್ಟೆ ಮುಟ್ಟಿ ನೋಡಿದಳು. “ಎಲ್ಲಾರ ಹಿಡಿ ಬೀಳದ ಹೊಟ್ಟಿ, ಕಲ್ಲಾಗಾಕತ್ತೈತಿ. ಬಿಸಿಗಾಳಿ ಮತ್ತ ಏಳೂದ್ರೊಳಗ ಪ್ರತಿ ಒಲಿಯವರೂ ಗುಡಾಣಕ್ಕ ಹಿಡಿ ಹಾಕಬೇಕು. ಒಂದು ಹಿಡಿ ಬರಿದಾದ್ರೂ ಇದು ಪೂರಾ ಕಲ್ಲು. ಆಮ್ಯಾಲ ನಿನ್ನ ಕೂಸನ್ನ ಕಾಯೋರು ಯಾರೂ ಇಲ್ಲ, ಮಾಳಿಂಗಾ.”

ಮಾಳಿಂಗ ಗುಡಾಣ ಎತ್ತಿ ನಿಲ್ಲಿಸಿದ, ಹೊಸ ಕಂಬಳಿ ಹೊದಿಸಿದ, ಮನೆಮನೆಗೆ ನಡೆದ. ಬಹಳ ಮಂದಿ ತಲೆ ತಗ್ಗಿಸಿ ಒಪ್ಪಿದರು. ಮೂರು ಬಾಗಿಲು ಉಳಿದವು.

ಮೊದಲನೆಯದು ಜೋಳದ ಸಾವ್ಕಾರನದು. “ನನ್ನ ಗ್ವಾಡಿ ಕಲ್ಲಿಂದು. ನನಗ್ಯಾಕ ಆನಿ?” ಎಂದ ಸಾವ್ಕಾರ.

“ಗ್ವಾಡಿ ಕಲ್ಲಿಂದು ಖರೆ ಸಾವ್ಕಾರ್ರ. ಒಳಗಿನ ಜೋಳ?”

ಸಾವ್ಕಾರ ತನ್ನ ಕಣಜದ ಕಡೆ ನೋಡಿದ. ಬರುತ್ತೇನೆ ಎಂದ.

ಎರಡನೆಯದು ಅರಮನೆಯ ಬಾಗಿಲು. “ತೆರಿಗೆ ಪಡೆಯುವ ರಾಜನೇ ತೆರಿಗೆ ಕೊಡುವುದುಂಟೇ?” ಎಂದ ಧವಳಸೇನ.

“ಅರಮನ್ಯಾಗ ಒಲಿ ಇಲ್ಲೇನ್ರಿ, ಮಹಾಪ್ರಭು? ನೀವು ಕೋಳಿಗಳನ್ನ ಕಂಡೂ ಕಾಣದಂಗ ಇದ್ರಿ. ಅದಕ್ಕ ನಾವು ಅವನ ಮಾತು ನಂಬಿದಿವಿ.”

ರಾಜನ ಮುಖ ಕಪ್ಪಿಟ್ಟಿತು. ಆದರೂ ಬರುತ್ತೇನೆ ಎಂದ.

ಮೂರನೆಯದಕ್ಕೆ ಬಾಗಿಲೇ ಇಲ್ಲ. ಬೂದಿಯ ನಡುವೆ ಮೂರು ಒಲೆಗಲ್ಲು, ಎದುರಿಗೆ ಸೂಜವ್ವ.

“ನಿನ್ನ ಗ್ವಾಡಿಗೆ ನೀರು ಬಿತ್ತು. ನನ್ನ ಮಗಳ ಮ್ಯಾಲ ಬೀಳಲಿಲ್ಲ,” ಎಂದಳು. “ಈಗ ನಿನ್ನ ಕೂಸಿನ ಸಲುವಾಗಿ ನಾ ಹಿಡಿ ಹಾಕಬೇಕೇನು?”

ಮಾಳಿಂಗ ಅವಳೆದುರು ಬೂದಿಯಲ್ಲೇ ಕೂತ. “ಹೂಂ ಅಕ್ಕಾ. ಕೇಳಾಕ ಮುಖ ಇಲ್ಲ. ಆದ್ರೂ ಕೇಳಾಕತ್ತೀನಿ,” ಎಂದ. ಸೂಜವ್ವ ಮುಖ ತಿರುಗಿಸಿದಳು.

ಮರುದಿನವೇ ಬಿಸಿಗಾಳಿ ಎದ್ದಿತು. ಊರೆಲ್ಲ ಗುಡಾಣಕ್ಕೆ ಓಡಿತು. ರಾಜ ಹಾಕಿದ, ಸಾವ್ಕಾರ ಹಾಕಿದ, ನೀಲವ್ವ ಕೂಸನ್ನು ಕಟ್ಟಿಕೊಂಡು ಬಂದು ಹಾಕಿದಳು. ಆನೆ ಕತ್ತಿನವರೆಗೂ ಕಲ್ಲಾಗಿತ್ತು. ಎಲ್ಲರಿಗಿಂತ ಕೊನೆಗೆ ಸೂಜವ್ವ ಬಂದಳು. ಮುಚ್ಚಿದ ಮುಷ್ಟಿ ಕಂಬಳಿಯೊಳಗೆ ಹೋಯಿತು, ತೆರೆದ ಕೈ ಹೊರಗೆ ಬಂತು.

ಮಾಳಿಂಗನ ಕಿವಿಯಲ್ಲಿ ಏಕಜಟ ಉಸುರಿದ. “ಮನಿ ಸುಟ್ಟಾಕಿ, ಮಗಳನ್ನ ಕಳಕೊಂಡಾಕಿ. ಅಕಿ ಯಾಕ ಹಾಕತಾಳ? ಕಂಬಳಿ ಎತ್ತಿ ನೋಡು.”

ಮಾಳಿಂಗನ ಕೈ ಕಂಬಳಿಯ ಅಂಚಿಗೆ ಹೋಯಿತು. ಬೆಟ್ಟದಿಂದ ನರಿಗಳು ಇಳಿಯುತ್ತಿದ್ದವು. ಕೂಸು ಅಳುತ್ತಿತ್ತು. ಆದರೂ ಮಾಳಿಂಗ ಕಂಬಳಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಒಳಗೆ ಸಿಕ್ಕಿಸಿದ. “ಇದು ನೋಡಾಕ ನೇಯ್ದಿದ್ದಲ್ಲ,” ಎಂದ.

ಕಬ್ಬಿಣದ ಬಳೆ ಒಡೆದು ನೆಲಕ್ಕೆ ಬಿತ್ತು. ನೀರಾನೆ ಎದ್ದು ನಿಂತಿತು.

ಒಂದು ಹಿಡಿಯೂ ಬರಿದಾಗಿರಲಿಲ್ಲ. ಜನ ಸೂಜವ್ವನ ಕಡೆ ತಿರುಗಿದರು. ಅವಳು ಆಗಲೇ ತನ್ನ ಬೂದಿಯ ಕಡೆ ಹೊರಟಿದ್ದಳು. ಮಾಳಿಂಗ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

ಮೊದಲು ಬೆಂಕಿ ಹತ್ತಿದ್ದು ಏಕಜಟನ ಚೀಲಗಳ ಒಟ್ಟಿಲಿಗೆ. ಉಳಿಸಿಕೊಳ್ಳಲು ಹೋದವನು ನಡುವೆ ಸಿಕ್ಕಿಬಿದ್ದು ಕೂಗಿಕೊಂಡ. ಅವನ ಚೀಲಕ್ಕೆ ತಾಮ್ರದ ಕೈ ಇರಲಿಲ್ಲ. ಆನೆ ಯಾರದೆಂದು ಕೇಳಲಿಲ್ಲ, ಅಲ್ಲಿಗೇ ಮೊದಲು ಹೋಯಿತು. ನೀರು ಬಿದ್ದದ್ದೇ ಅವನ ಜಡೆ ಕರಗಿ, ಮಾಯೆಯೆಲ್ಲ ಚರಂಡಿಗೆ ಹರಿಯಿತು. ಉಳಿದವನು ಕೆಮ್ಮುವ ಒಬ್ಬ ಬಡಕಲು ಮನುಷ್ಯ. ಆಮೇಲೆ ಆನೆ ನರಿಗಳ ಬಾಲಗಳನ್ನೆಲ್ಲ ಆರಿಸಿತು.

ತಾಮ್ರದ ಕೈಗಳನ್ನು ಕರಗಿಸಿ ದೊಡ್ಡ ಗಂಟೆ ಎರೆದರು. ಜೋಳ ಹಾಕುವುದು ಇಂದಿಗೂ ಕಂಬಳಿಯೊಳಗೆ, ಆನೆಗೆ ಉಣಿಸುವುದು ಮಾತ್ರ ಊರೆಲ್ಲ ನೋಡುವಂತೆ, ನಡುಬಯಲಿನಲ್ಲಿ. ಕೋಳಿಗಳು ಬಡವಾದವು, ರಾಜ್ಯ ಸುಖವಾಯಿತು. ಏಕಜಟನೂ ಒಂದು ಒಲೆ ಹೂಡಿದ, ಸುಗ್ಗಿಗೆ ಅವನೂ ಬಂದು ಕೈ ಹಾಕುತ್ತಾನೆ. ಮಾಳಿಂಗ ಸೂಜವ್ವನಿಗೆ ಹೊಸ ಮನೆ ಕಟ್ಟಿಕೊಟ್ಟ. ಚಿನ್ನಿಯನ್ನು ಕಟ್ಟಿಕೊಡಲು ಯಾರಿಂದಾದೀತು?

ಆ ವರ್ಷ ಕಲ್ಲವ್ವ ಗುಡಾಣ ಬಳಿಯುವಾಗ, ಬಿಳಿಜೋಳದ ನಡುವೆ ಹತ್ತು ಹಿಡಿಯಷ್ಟು ಸುಟ್ಟು ಕರಕಾದ ಕಾಳು ಸಿಕ್ಕಿತು. ಮುದುಕಿ ಅದನ್ನು ಆಯ್ದು ಆನೆಗೆ ತಿನ್ನಿಸಿದಳು. ಯಾರದೆಂದು ಯಾರಿಗೂ ಹೇಳಲಿಲ್ಲ.