ಕಪಾಟು ಸೇರಿದ ಅಂಟಿನ ಉಂಡೆ

“ನಮ್ಮವ್ವ ಕಳಿಸಿದ ಡಬ್ಬಿ ಕೊಡ್ರಿ ಬಾಯಾರ!”

ಆ ದನಿಗೆ ನರ್ಸ್ ವಿಮಲಾ ಬೆಚ್ಚಿಬಿದ್ದಳು. ದವಾಖಾನೆಯ ಬಾಗಿಲಲ್ಲಿ ಖಂಡೆಪ್ಪ ನಿಂತಿದ್ದ. ವಾಡಿಯ ಸಿಮೆಂಟು ಕಾರ್ಖಾನೆಯ ಹೆಸರನ್ನು ರಾಜ್ಯದಲ್ಲೆಲ್ಲ ಮೆರೆಸಿದ ಓಟಗಾರ! ಓಡಿದ ಬೆವರು ಇನ್ನೂ ಆರಿರಲಿಲ್ಲ.

ದಿನಾ ಬೆಳಗ್ಗೆ ಕ್ವಾರ್ಟರ್ಸಿನ ಕಿಟಕಿಯಿಂದ ಅವನು ಓಡುವುದನ್ನು ಕದ್ದು ನೋಡುತ್ತಿದ್ದವಳು ಅವಳು. ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು...

‘ಮೊದಲ ಮಾತೇ ಜಗಳದ್ದಾಗಬೇಕೇ, ದೇವರೇ?’

“ಕೊಡಾಕ ಬರಂಗಿಲ್ರಿ,” ಎಂದಳು ಮೆಲ್ಲಗೆ.

ಅದು ದಿಲ್ಲಿಯ ತರಬೇತಿ ಶಿಬಿರಕ್ಕೆ ಆಟಗಾರರನ್ನು ಆರಿಸುವ ವರ್ಷ. ಬೆಂಗಳೂರಿನ ಆಯ್ಕೆಯಲ್ಲಿ ಮೂತ್ರ ಪರೀಕ್ಷೆಯೂ ಇತ್ತು. ನಿಷೇಧಿಸಿದ ಔಷಧಿಯ ಸುಳಿವು ಸಿಕ್ಕರೆ ಓಟವೂ ಹೋಯಿತು, ಮಾನವೂ ಹೋಯಿತು. ಅದಕ್ಕೇ ಡಾಕ್ಟರರು ಕಪಾಟಿನ ಬೀಗದಕೈಯನ್ನು ವಿಮಲಾಳಿಗೆ ಒಪ್ಪಿಸಿದ್ದರು. ಶಕ್ತಿಯ ಪುಡಿ, ಟಾನಿಕ್ಕು, ಊರಿನ ತಿಂಡಿ, ಏನೇ ಬಂದರೂ ಮೊದಲು ಅವಳ ಹತ್ತಿರ. ಸೀಲು ಅವಳ ಕಣ್ಣೆದುರೇ ಒಡೆಯಬೇಕು. ಸೀಲಿಲ್ಲದ್ದು ಆಟಗಾರರ ಹೊಟ್ಟೆಗೆ ಹೋಗಕೂಡದು.

“ಏನೈತ್ರಿ ಅದರಾಗ? ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲ! ನಮ್ಮವ್ವ ಏನು ಇಷ ಹಾಕ್ಯಾಳಂತ ತಿಳ್ಕೊಂಡೀರೇನು?”

“ಹಂಗಲ್ರಿ... ಅದಕ್ಕ ಸೀಲಿಲ್ಲ...”

“ಅವ್ವ ಕಟ್ಟಿದ ಉಂಡಿಗಿ ಯಾವ ಕಂಪನಿ ಸೀಲು ಹೊಡೀತೈತ್ರಿ!” ಖಂಡೆಪ್ಪ ಕಹಿಯಾಗಿ ನಕ್ಕ. “ತಿಳೀತು ಬಿಡ್ರಿ. ಕುರಿ ಕಾಯೋರ ಮನಿ ತಿನಿಸು ನಿಮ್ಮಂಥ ಮಂದಿಗಿ ಹೊಲಸು ಕಾಣ್ತೈತಿ. ಇಟ್ಕೊರ್ರಿ. ಇನ್ನ ನಿಮ್ಮ ಬಾಗಿಲಿಗಿ ಬರಂಗಿಲ್ಲ ನಾ!”

ಅವನು ಹೋದ. ವಿಮಲಾಳ ಕಣ್ಣು ತುಂಬಿ ಬಂತು. ಆದರೂ ಬೀಗವನ್ನು ಎರಡು ಸಲ ಜಗ್ಗಿ ನೋಡಿದಳು. ಅದು ಅವಳ ಹಳೆಯ ಅಭ್ಯಾಸ. ತನ್ನ ಕೈ ಮೇಲೇ ಅವಳಿಗೆ ನಂಬಿಕೆ ಕಡಿಮೆ.

ಅದೇ ಸಂಜೆ ಖಂಡೆಪ್ಪ ಬೆಂಗಳೂರಿನ ರೈಲು ಹತ್ತಿದನೆಂದು ಸುದ್ದಿ ಬಂತು. ವಿಮಲಾಳಿಗೆ ಅನ್ನ ಸೇರಲಿಲ್ಲ. ‘ಒಬ್ಬ ತಾಯಿಯ ಅಕ್ಕರೆಗೆ ಬೀಗ ಹಾಕಿಬಿಟ್ಟೆನೇ? ನಿಯಮ ನಿಯಮ ಅಂತ ಮನುಷ್ಯತ್ವವನ್ನೇ ಮರೆತೆನೇ?’

ರವಿವಾರ ಅವಳು ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ಖಂಡೆಪ್ಪನ ಊರು ತೆಂಗಳಿಯಲ್ಲಿ ಇಳಿದಳು. ಆ ತಾಯಿಯ ಕಾಲು ಹಿಡಿದು ಕ್ಷಮೆ ಕೇಳದೆ ಜೀವಕ್ಕೆ ಸಮಾಧಾನವಿರಲಿಲ್ಲ.

ಖಂಡೆಪ್ಪನ ತಾಯಿ ಸುಂದರಬಾಯಿ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಡಬ್ಬಿ ನೋಡಿ ಗಾಬರಿಯಾದಳು.

“ಯವ್ವಾ! ಇದ್ಯಾಕ ತಿರುಗಿ ಬಂತು? ನನ್ನ ಮಗ ತಿನ್ಲಿಲ್ಲೇನು?”

“ನಾನೇ ಕೊಡ್ಲಿಲ್ರಿ ಅವ್ವಾ... ಅವರು ಸಿಟ್ಟು ಮಾಡ್ಕೊಂಡು ಹೋದ್ರು. ತಪ್ಪಾತು...”

“ಅಯ್ಯ ನನ್ನ ಕರ್ಮವೇ! ಅದರಾಗ ದಮ್ಮಿನ ಗುಳಿಗಿ ಅರದು ಹಾಕಿದ್ನಲ್ಲ ತಂಗೀ!”

ವಿಮಲಾ ಡಬ್ಬಿಯ ಮುಚ್ಚಳ ಒತ್ತಿ ಹಿಡಿದಳು. “ಏನ್... ಏನು ಹಾಕಿದ್ರಿ?”

“ನನಗ ದಮ್ಮೈತಿ ನೋಡು. ಆ ಗುಳಿಗಿ ನುಂಗಿದ್ರ ಉಸಿರು ಸರಳ ಆಗ್ತೈತಿ. ಮಗ ಓಡಿ ಬಂದು ತೇಕ್ತಿದ್ದ. ಎರಡು ದಿನ ನನ್ನ ಗುಳಿಗಿ ಉಳಿಸಿ ಅವನ ಉಂಡ್ಯಾಗ ಹಾಕಿದ್ನವ್ವ...”

ಎಂಥ ತಾಯಿ! ತನ್ನ ಉಸಿರನ್ನೇ ಉಳಿಸಿ ಮಗನಿಗೆ ಕಳಿಸಿದ್ದಳು... ಆದರೆ ಆಟಗಾರರ ಹೊಟ್ಟೆಗೆ ಹೋಗಬಾರದ ಔಷಧಿಗಳಲ್ಲಿ ಆ ಗುಳಿಗೆಯೂ ಒಂದು!

ವಿಮಲಾ ಮೆಲ್ಲಗೆ ತಿಳಿಸಿ ಹೇಳಿದಳು. ಸುಂದರಬಾಯಿ ಕುಂತಲ್ಲೇ ಕುಸಿದಳು. “ನನ್ನ ಕೈಲೇ ನನ್ನ ಮಗನ ಕುತಿಗಿ ಕೊಯ್ತಿದ್ನಲ್ಲವ್ವ...”

“ಏನೂ ಆಗಿಲ್ಲ, ಅಳಬ್ಯಾಡ್ರಿ. ಈ ಮಾತು ಅವರಿಗಿ ಹೇಳಬ್ಯಾಡ್ರಿ. ಭಾಳ ನೊಂದ್ಕೊಂತಾರ.”

“ಹಂಗಾದ್ರ ಅವ ನಿನ್ನ ಮ್ಯಾಲೆ ಸಿಟ್ಟಲೇ ಇರ್ತಾನಲ್ಲೇ?”

“ಇರ್ಲಿ ಬಿಡ್ರಿ...” ವಿಮಲಾ ಮುಖ ಬೇರೆಡೆ ತಿರುಗಿಸಿದಳು.

ಸುಂದರಬಾಯಿ ಅವಳ ಮುಖವನ್ನೇ ದಿಟ್ಟಿಸಿ ನೋಡಿದಳು. ಒಲೆ ಹಚ್ಚಿ ಬೆಲ್ಲ ಕರಗಿಸಲು ಇಟ್ಟಳು. “ಕುಂದ್ರು ಇಲ್ಲೇ. ಈ ಸಲ ನಿನ್ನ ಕಣ್ಣ ಮುಂದ ಕಟ್ತೀನಿ.”

ಬೆಂಗಳೂರಿನ ರೈಲು ವಾಡಿ ಜಂಕ್ಷನ್ನಿಗೆ ಬಂದ ದಿನ ಪ್ಲಾಟ್‌ಫಾರ್ಮಿನ ತುಂಬ ಕಾರ್ಮಿಕರು. ಖಂಡೆಪ್ಪ ಗೆದ್ದಿದ್ದ! ದಿಲ್ಲಿಗೆ ಆರಿಸಿ ಬಂದಿದ್ದ! ಹಾರ, ಗುಲಾಲು, ಹಲಗೆಯ ಸದ್ದು...

ಕಂಬದ ಮರೆಯಲ್ಲಿ ನಿಂತಿದ್ದ ವಿಮಲಾಳನ್ನು ಸುಂದರಬಾಯಿ ಕೈ ಹಿಡಿದು ಎಳೆತಂದಳು. ಖಂಡೆಪ್ಪನ ಮುಖ ಬಿಗಿಯಿತು.

“ಇವರ್ಯಾಕ ಬಂದ್ರಬೇ? ಸೀಲು ನೋಡಾಕ?”

ವಿಮಲಾ ತಲೆ ತಗ್ಗಿಸಿದಳು. ಸುಂದರಬಾಯಿ ತಡೆದುಕೊಳ್ಳದಾದಳು.

“ಬಾಯಿ ಮುಚ್ಚಲೇ ಮಂಗ್ಯಾ! ಹಾರ ಹಾಕ್ಕೊಂಡು ನಿಂತೀಯಲ್ಲ, ಅದು ಈಕಿ ಹಾಕಿದ ಬೀಗದ ಪುಣ್ಯಾ!” ಎಂದು ಅಳುತ್ತಲೇ ನಡೆದುದನ್ನೆಲ್ಲ ಹೇಳಿಬಿಟ್ಟಳು.

ಬೆಂಗಳೂರಿನಲ್ಲಿ ಮೂತ್ರ ಪರೀಕ್ಷೆಗೆಂದು ಕೈಗೆ ಬಾಟ್ಲಿ ಕೊಟ್ಟು ಕಾವಲು ನಿಂತಿದ್ದ ಅಧಿಕಾರಿ ಖಂಡೆಪ್ಪನ ಕಣ್ಣ ಮುಂದೆ ಬಂದ. ಆ ಉಂಡೆ ತಿಂದಿದ್ದರೆ...?

ಕೊರಳ ಹಾರ ತೆಗೆದು ವಿಮಲಾಳ ಮುಂದೆ ಹಿಡಿದ.

“ಇದು ನಿಮಗ ಸೇರಬೇಕಾದ್ದು. ಅಷ್ಟು ಕೆಟ್ಟ ಮಾತಾಡಿದ್ರೂ... ಯಾಕ ಹೇಳ್ಲಿಲ್ರಿ?”

“ನಿಮ್ಮ ಅವ್ವನ ಪ್ರೀತಿ... ತಪ್ಪು ಅಂತ ಅನಿಸಬಾರದಿತ್ರಿ.”

ಸುಂದರಬಾಯಿ ಹೊಸ ಡಬ್ಬಿ ತೆರೆದಳು. ವಿಮಲಾ ಒಂದು ಉಂಡೆ ಮುರಿದು ಮೊದಲು ತಾನು ಬಾಯಿಗೆ ಹಾಕಿಕೊಂಡಳು. ಉಳಿದರ್ಧವನ್ನು ಅವನ ಕಡೆ ಚಾಚಿದಳು.

“ನನಗ ಹೊಲಸು ಕಾಣ್ತೈತಿ ಅಂದಿರಲ್ಲ... ಇಷ್ಟು ರುಚಿ ನಾ ಎಲ್ಲೂ ಉಂಡಿಲ್ರಿ.”

ಅವನ ಕಣ್ಣು ತುಂಬಿ ಹರಿಯಿತು.

“ಬಾಯಾರ... ಇನ್ನ ಮುಂದ ನಾ ಏನು ಉಂಡ್ರೂ ನಿಮ್ಮ ಮುಂದ ಕುಂತು ಉಣಬೇಕಂತೀನಿ. ಜೀವ ಇರೋತನಕ... ನಡೀತೈತೇನ್ರಿ?”

ವಿಮಲಾಳ ಕೆನ್ನೆ ಕೆಂಪೇರಿತು. “ನಾ ಭಾಳ ಅಂಜುಬುರುಕಿರಿ... ಹಾಕಿದ ಬೀಗಾನ ಎರಡೆರಡು ಸಲ ಜಗ್ಗಿ ನೋಡ್ತೀನಿ.”

“ಹತ್ತು ಸಲ ಜಗ್ಗಿ ನೋಡ್ರಿ,” ಖಂಡೆಪ್ಪ ಕಣ್ಣೀರಲ್ಲೇ ನಕ್ಕ. “ನಾ ಒಳಗೇ ಇರ್ತೀನಿ.”