ರೇಡಿಯೋ ಪಟ್ಟಿಯ ಮೇಲೊಂದು ಪೆನ್ಸಿಲ್ ಚುಕ್ಕಿ

"ಅಯ್ಯೋ! ನಿಲ್ಸ್ರೀ! ಹೊಸಾ ರೇಡಿಯೋ ಅದು!"

ಮೂಕಾಂಬಿಕಾಳ ಕೂಗಿಗೆ ತೀರ್ಥಹಳ್ಳಿಯ ಆ ರೇಡಿಯೋ ಅಂಗಡಿಯೇ ಬೆಚ್ಚಿತು. ಗಲ್ಲಾದ ಹಿಂದೆ ತೂಕಡಿಸುತ್ತಿದ್ದ ಮಾಲೀಕ ಗಿರಿಯಪ್ಪನವರು ಒಂದು ಕಣ್ಣು ತೆರೆದು, ಮತ್ತೆ ಮುಚ್ಚಿದರು. ಸ್ಕ್ರೂಡ್ರೈವರ್ ಹಿಡಿದಿದ್ದ ರಿಪೇರಿ ಹುಡುಗ ಶಂಭು ಮಾತ್ರ ತಲೆ ಎತ್ತಲಿಲ್ಲ. ಕಂಪನಿಯ ಸೀಲು ಆಗಲೇ ಹರಿದಿತ್ತು.

"ಬಿಚ್ಚದೇ ಇದ್ರೆ ನಿಮ್ಮ ಹೊಸನಗರದಲ್ಲಿ ಇದು ಬರೀ ಕರಕರ ಅನ್ನತ್ತೆ ಟೀಚ್ರೇ. ಕಂಪನಿಯೋರು ಬಯಲುಸೀಮೆ ನೋಡ್ಕೊಂಡು ಮಾಡಿದ್ದು. ನಿಮ್ಮನೆ ಗುಡ್ಡದ ಬುಡದಲ್ಲಿದೆ ಅಂದ್ರಲ್ಲ?"

ಅವಳಿಗೆ ಸಿಟ್ಟು, ಜೊತೆಗೇ ಅನುಮಾನ. ತಾನು ಚಿನ್ನದಂಚಿನ ದೊಡ್ಡ ರೇಡಿಯೋವನ್ನು ತೋರಿಸಿದರೆ, ಅವನು "ಅದು ನೋಡೋಕೆ ಚೆಂದ, ಕೇಳೋಕೆ ಈ ಸಣ್ಣದು ಸಾಕು" ಎಂದು ಅಗ್ಗದ್ದನ್ನು ಕೊಡಿಸಿದ್ದ. ಹೀಗೂ ವ್ಯಾಪಾರ ಮಾಡುವವರುಂಟೇ?

ಅದು ಎಂಬತ್ತೊಂದನೆಯ ಇಸವಿ. ಮೂಕಾಂಬಿಕಾ ಶಾಲೆಗೆ ಸೇರಿದ ಮೊದಲ ವರ್ಷ. ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಜಲಜಮ್ಮನಿಗೆ ಕಣ್ಣು ಮಂಜಾಗಿತ್ತು. ಇವಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಮಾತಾಡಲು ಒಂದು ದನಿಯೂ ಇಲ್ಲ. ಅದಕ್ಕೇ ಈ ರೇಡಿಯೋ.

ಶಂಭು ಒಳಗಿನ ಸುರುಳಿಯೊಂದನ್ನು ತೆಗೆದು, ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸುತ್ತು ಸುತ್ತು ಎಣಿಸುತ್ತಾ ಹೊಸದಾಗಿ ಸುತ್ತಿದ. ಈಗ ಗಾಜಿನ ಮೇಲೆ ಕಂಪನಿಯವರು ಹಾಕಿದ್ದ ಅಂಕಿಗಳು ಹೊಂದುತ್ತಿರಲಿಲ್ಲ. ಬಿಳಿ ಕಾಗದದ ಪಟ್ಟಿಯೊಂದನ್ನು ಕತ್ತರಿಸಿ ಆ ಅಂಕಿಗಳ ಮೇಲೆ ಅಂಟಿಸಿ, "ನೀವೇ ತಿರುಗಿಸಿ" ಎಂದ.

ಮುಳ್ಳು ಮೆಲ್ಲಗೆ ಸರಿಯಿತು. ಭದ್ರಾವತಿ ದಾಟಿದ ಮೇಲೆ ಬರೀ ಗೊರಗೊರ.

"ಇದ್ಯಾವ ಸ್ಟೇಷನ್ನು?"

"ನಮ್ಮ ಗಿರಿಯಪ್ಪಯ್ಯನ ಗೊರಕೆ. ಯಾವ ಸೆಟ್ಟಲ್ಲಾದ್ರೂ ಸಿಗತ್ತೆ!"

ಸಿಟ್ಟಾಗಿದ್ದೇನೆಂಬುದನ್ನೇ ಮರೆತು ಅವಳು ನಕ್ಕುಬಿಟ್ಟಳು. ಅವನು ತಲೆ ತಗ್ಗಿಸಿ ಪಟ್ಟಿಯ ಮೇಲೆ ಬರೆಯತೊಡಗಿದ. ಬೆಂಗಳೂರು, ಭದ್ರಾವತಿ, ಧಾರವಾಡ... ಎಲ್ಲವೂ ದಪ್ಪ ದಪ್ಪ ಅಕ್ಷರದಲ್ಲಿ.

"ಅತ್ತೆಗೆ ಕಣ್ಣು ಮಂಜು ಅಂದ್ರಲ್ಲ..."

ತಾನು ಕೇಳದಿದ್ದರೂ ಇವನಿಗೆ ಇದು ಹೊಳೆಯಿತಲ್ಲ! ಭದ್ರಾವತಿ, ಧಾರವಾಡಗಳ ನಡುವೆ ಹೆಸರಿಲ್ಲದ ಒಂದು ಪೆನ್ಸಿಲ್ ಚುಕ್ಕಿ ಇತ್ತು. ಕೈತಪ್ಪಿ ಬಿದ್ದಿರಬೇಕೆಂದುಕೊಂಡಳು.

ಭಾನುವಾರ ಶಂಭು ಬಸ್ಸು ಹತ್ತಿ ಹೊಸನಗರಕ್ಕೆ ಬಂದ. ಹಲಸಿನ ಮರದಿಂದ ಬಚ್ಚಲುಮನೆಯ ತಗಡಿನ ಮಾಡಿನವರೆಗೆ ಏರಿಯಲ್ ತಂತಿ ಎಳೆದ. ನೆಲಕ್ಕಿಳಿಸುವ ಇನ್ನೊಂದು ತಂತಿಯನ್ನು ಬಚ್ಚಲ ನೀರು ಹರಿಯುವ ಬಾಳೆಯ ಬುಡದಲ್ಲಿ ಹೂತ. ಅಲ್ಲಿ ಬೇಸಿಗೆಯಲ್ಲೂ ಮಣ್ಣು ಹಸಿ.

"ಬಚ್ಚಲ ನೀರಿಂದ ಹಾಡು ಬರ್ತದಾ ಮಾರಾಯ?" ಜಲಜಮ್ಮನಿಗೆ ಅಚ್ಚರಿ.

"ಹೌದಮ್ಮಾ, ನೀವು ದಿನಾ ಸ್ನಾನ ಮಾಡಿದ್ರೆ ಸಾಕು!"

ಆ ಸಂಜೆ ಧಾರವಾಡದ ಹಾಡೊಂದು ಗುಡ್ಡ ಇಳಿದು, ಅಂಗಳ ದಾಟಿ, ಮನೆಯೊಳಗೆ ಬಂದು ಕೂತಿತು. ಅತ್ತೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮೂಕಾಂಬಿಕಾ ಮಾತ್ರ ಪಟ್ಟಿಯ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದಳು. ಆ ದುಂಡು ಅಕ್ಷರಗಳು ತನ್ನೊಡನೆ ಮಾತಾಡುತ್ತಿವೆಯೇ... ಛೇ, ನನಗೇನಾಗಿದೆ!

ಮೂರನೆಯ ವಾರ ಹಾಡು ಸತ್ತಿತು. ಎರಡು ದಿನ ಬರೀ ಕರಕರ.

ಪಕ್ಕದ ಮನೆಯ ಹೂವಯ್ಯ ತಲೆಯಾಡಿಸಿದರು. "ಸೀಲು ಒಡೆದಾಗ್ಲೇ ಒಳ್ಳೇ ಸಾಮಾನು ಎತ್ತಿಟ್ಕಂಡಿರ್ತಾನೆ, ನೋಡ್ತಾ ಇರು."

ಅವಳೆದೆ ಉರಿಯಿತು. ನಂಬಿದ್ದಕ್ಕೇ ಹೆಚ್ಚು ಉರಿಯಿತು. ಕೈಗೆ ಸಿಕ್ಕ ಪೋಸ್ಟ್ ಕಾರ್ಡಿನಲ್ಲಿ ಗೀಚಿದಳು: "ನನ್ನ ರೇಡಿಯೋದಿಂದ ಕದ್ದದ್ದನ್ನು ತಂದುಕೊಡಿ."

ಕಾರ್ಡು ಹಾಕಿದ ನಾಲ್ಕನೆಯ ದಿನ ಅವಳು ಶಾಲೆಯಿಂದ ಬರುವಾಗ ಮನೆಯಿಂದ ಹಾಡು ಕೇಳುತ್ತಿತ್ತು.

"ಶಂಭು ಬಂದಿದ್ದ ಕಣೇ," ಎಂದರು ಅತ್ತೆ. "ತಪ್ಪು ನಂದೇ, ತಂತಿ ತಗ್ಗಿಗೆ ಕಟ್ಟಿದ್ದೆ ಅಂದ. ಕಾಫಿಗೂ ಕೂರಲಿಲ್ಲ. ಪಾಪ, ನಿನ್ನ ಬಟ್ಟೆ ಒಣಗ್ಸೋಕೆ ಅಂತ ಒಂದು ಹಗ್ಗ ಬೇರೆ ಕಟ್ಟಿ ಹೋದ."

"ಬಟ್ಟೆ ಒಣಗ್ಸೋಕಾ?"

ಅಂಗಳಕ್ಕೆ ಓಡಿದಳು. ಹೊಸ ಹಗ್ಗದ ಮೇಲೆ ಅವಳ ಹಸಿರು ಸೀರೆ. ಬೆಳಿಗ್ಗೆ ತಾನು ಅದನ್ನು ಹಾಕಿದ್ದು ಏರಿಯಲ್ ತಂತಿಯ ಮೇಲಲ್ಲವೇ? ಬಿಸಿಲು ಅಲ್ಲೇ ಚೆನ್ನಾಗಿ ಬೀಳುತ್ತದೆಂದು ಒಂದು ವಾರದಿಂದ ಅಲ್ಲಿಗೇ...

ಒದ್ದೆ ಟವೆಲೊಂದನ್ನು ಕೋಲಿನಿಂದ ಎತ್ತಿ, ತಂತಿಗೂ ತಗಡಿಗೂ ತಾಗುವಂತೆ ಹಾಕಿದಳು. ಒಳಗೆ ಹಾಡು ಕರಗಿ ಹೋಯಿತು. ತೆಗೆದಳು. ಹಾಡು ಮರಳಿ ಬಂತು.

ಅವನು ನೋಡಿದ್ದ! ತಪ್ಪು ಯಾರದೆಂದು ತಿಳಿದೂ, ಅತ್ತೆಯ ಮುಂದೆ ಒಂದು ಮಾತೂ ಹೇಳದೆ ತನ್ನ ಮೇಲೆ ಹಾಕಿಕೊಂಡು ಹೋಗಿದ್ದ. ಅವಳು ಬಾಳೆಯ ಬುಡದಲ್ಲೇ ಕೂತು ಅತ್ತಳು.

ಮರುದಿನ ಹೂವಯ್ಯ ಸುದ್ದಿ ತಂದರು. "ನಿನ್ನ ಕಾರ್ಡನ್ನ ಪೋಸ್ಟ್‌ಮ್ಯಾನಿಂದ ಹಿಡಿದು ಪೇಟೆಯೋರೆಲ್ಲ ಓದಿದಾರಂತೆ. ಇನ್ನು ಯಾರ ಸೆಟ್ಟೂ ಬಿಚ್ಚಬೇಡ ಅಂದ್ರಂತೆ ಗಿರಿಯಪ್ಪ."

ಕ್ಷಮೆ ಕೇಳಲು ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಲೆಟರ್ ಕೊಂಡು ಬರೆದವಳು, ಮಡಚಿ ಅಂಟಿಸುವ ಮೊದಲು ತಡೆದು ನಿಂತಳು. ಎಲ್ಲರೂ ಓದುವಂತೆ ಬೈದು, ಯಾರೂ ಓದದಂತೆ ಕ್ಷಮೆ ಕೇಳುವುದೇ?

"ಒಂದು ಪೋಸ್ಟ್ ಕಾರ್ಡ್ ಕೊಡಿ," ಎಂದಳು.

"ಗಿರಿಯಪ್ಪನವರಿಗೂ, ಇದನ್ನು ಓದುವ ಎಲ್ಲರಿಗೂ. ಶಂಭು ಏನನ್ನೂ ಕದ್ದಿಲ್ಲ. ಏರಿಯಲ್ ತಂತಿಯ ಮೇಲೆ ಒದ್ದೆ ಸೀರೆ ಒಣಗಿಸಿದ ದಡ್ಡಿ ನಾನು. ನನ್ನ ತಪ್ಪನ್ನು ತನ್ನದೆಂದು ಹೇಳಿ ಹೋದ ಅಂಥವರನ್ನು ನಾನು ಬೇರೆಲ್ಲೂ ಕಂಡಿಲ್ಲ."

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ, ರೇಡಿಯೋವನ್ನು ಚೀಲದಲ್ಲಿಟ್ಟುಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಗಿರಿಯಪ್ಪನವರ ಗೊರಕೆ ಸಣ್ಣಗೆ ಕೇಳುತ್ತಿತ್ತು. ಶಂಭುವಿನ ಮುಂದೆ ಬಿಚ್ಚಿಟ್ಟ ಸೆಟ್ಟೊಂದಿತ್ತು. ಅದನ್ನು ಕಂಡು ಅವಳ ಎದೆ ಹಗುರಾಯಿತು.

"ಕಾರ್ಡು... ಬಂತಾ?"

"ನಂಗಿಂತ ಮೊದ್ಲು ಪೋಸ್ಟ್‌ಮ್ಯಾನು ಬಾಯಿಪಾಠ ಮಾಡಿದ್ದ." ಅವನು ನಕ್ಕ. "ಸೆಟ್ಟು ಮತ್ತೆ ಕೆಡ್ತಾ?"

"ಇಲ್ಲ. ಒಂದು ಕೇಳೋದಿತ್ತು. ಭದ್ರಾವತಿ ಆದ್ಮೇಲೆ ಈ ಚುಕ್ಕಿ... ಇಲ್ಲಿ ಯಾವ ಸ್ಟೇಷನ್ನೂ ಬರಲ್ಲ. ಎಷ್ಟು ಸಲ ತಿರುಗಿಸಿ ನೋಡಿದೆ."

ಅವನ ಕಿವಿ ಕೆಂಪಾಯಿತು. ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಅವತ್ತು ನೀವು ನಕ್ಕಾಗ... ಮುಳ್ಳು ಅಲ್ಲಿತ್ತು."

ಅಂಗಡಿಯ ಸದ್ದೆಲ್ಲ ದೂರ ಸರಿಯಿತು. ಅವಳು ಮೇಜಿನ ಮೇಲಿದ್ದ ಪೆನ್ಸಿಲನ್ನು ಅವನ ಕೈಗಿತ್ತಳು.

"ಹಾಗಿದ್ರೆ ಅಲ್ಲೊಂದು ಹೆಸರು ಬರೀರಿ."

"ಬರೆದ್ರೆ... ಮತ್ತೆ ನಾನು ಅಳಿಸಲ್ಲ ಟೀಚ್ರೇ."

"ಟೀಚ್ರೇ ಅಂತಲ್ಲ... ಮೂಕಾಂಬಿಕಾ ಅಂತ ಬರೀರಿ. ದಪ್ಪ ಅಕ್ಷರದಲ್ಲಿ. ಅತ್ತೆಗೂ ಕಾಣ್ಬೇಕು."